ಗಾಳಿಯನ್ನು ನಂಬಿದ ದೋಣಿ

ರಜೆ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳ ಸಂಸಾರಗಳು ದಾಂಡೇಲಿಯ ಕಡೆಗೆ ಹೊರಡುತ್ತವೆ. ಗಣೇಶಗುಡಿಯ ಆಸುಪಾಸಿನಲ್ಲಿ, ಕಾಳಿ ನದಿಯ ದಂಡೆಯುದ್ದಕ್ಕೂ ವಿಹಾರಧಾಮಗಳಿಗೆ ಕೊರತೆಯಿಲ್ಲ. ಬೆಳಗಿನ ಉಪಾಹಾರ ಮುಗಿಸಿ ನೀರಿಗಿಳಿಯಲು ಸಿದ್ಧವಾಗಿ ನಿಂತ ಅಂಥದೊಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆ ತನ್ನ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎರಡೆರಡು ಬಾರಿ ಬಿಗಿಯುತ್ತಿದ್ದಾನೆ. ತಾಯಿ ದಂಡೆಯ ಕಲ್ಲಿನ ಮೇಲೆ ಚಪ್ಪಲಿಗಳನ್ನು ಜೋಡಿಸುತ್ತಿದ್ದಾಳೆ. ಎಂಟು ವರ್ಷದ ಮಗ ಮಾತ್ರ ಉಬ್ಬಿ ಕುಳಿತ ಕೆಂಪು ದೋಣಿಯ ಮೈಯನ್ನು ಬೆರಳಿನಿಂದ ಒತ್ತಿ ನೋಡಿ ಕೇಳುತ್ತಾನೆ:

“ಅಪ್ಪಾ, ಇದು ನಡುನೀರಿನಲ್ಲಿ ಒಡೆದುಹೋದರೆ?”

“ಒಡೆಯೋದಿಲ್ಲ, ಸುಮ್ಮನಿರೋ.”

ತಂದೆಗೆ ಗೊತ್ತಿರುವುದು ಅಷ್ಟೆ. ಅವನನ್ನು ದೂರುವಂತಿಲ್ಲ, ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಅವನಲ್ಲ. ವರ್ಷವೆರಡು ವರ್ಷದ ಹಿಂದೆ ವಿಹಾರಧಾಮದ ಯಜಮಾನನು ತನ್ನ ಕಚೇರಿಯಲ್ಲಿ ಕುಳಿತು, ಬಾಡಿಗೆಗೆ ಬಿಡಲು ಯಾವ ದೋಣಿಯನ್ನು ಕೊಳ್ಳುವುದೆಂದು ಬೆಲೆಪಟ್ಟಿಯ ಮೇಲೆ ಬೆರಳಾಡಿಸಿದನಲ್ಲ, ಹುಡುಗನ ಪ್ರಶ್ನೆಗೆ ಉತ್ತರ ಅಂದೇ ನಿಶ್ಚಯವಾಗಿ ಹೋಗಿದೆ.

ಗಾಳಿಯನ್ನು ನಂಬಿ ನೀರಿಗಿಳಿಯುವುದು ಇಂದು ನಿನ್ನೆಯ ಸಾಹಸವಲ್ಲ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾದ ಅರಮನೆಯೊಂದರ ಶಿಲ್ಪದಲ್ಲಿ, ಊದಿದ ತೊಗಲಿನ ಚೀಲಗಳನ್ನು ಎದೆಗವಚಿಕೊಂಡು ಹೊಳೆ ದಾಟುವ ಮಂದಿಯನ್ನು ಕಾಣಬಹುದು. ಆ ಶಿಲಾಫಲಕ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕನ್ನಡ ನಾಡಿನಲ್ಲಿ ತೊಗಲಿಗೆ ಬೇರೆಯ ಕೆಲಸವಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆಯಿದ್ದು ಬುಟ್ಟಿಯಂತೆ ದುಂಡಗಿದ್ದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತುಂಗಭದ್ರೆಯ ಹರಿಗೋಲು ಅದು. ಇಂದಿಗೂ ಹಂಪೆಯಲ್ಲಿ ತಿರುಗುತ್ತಲೇ ಇದೆ, ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆಯಷ್ಟೆ. ಹರಿಗೋಲಿಗಾದರೂ ಬಿದಿರಿನ ಎಲುಬಿದೆ. ಗಾಳಿದೋಣಿಗೆ ಎಲುಬೇ ಇಲ್ಲ. ಒಳಗಿನ ಗಾಳಿಯೇ ಅದರ ಎಲುಬು.

ಆ ಎಲುಬಿಗೆ ತಕ್ಕ ಚರ್ಮ ದೊರೆತದ್ದು ರಬ್ಬರು ಹದಕ್ಕೆ ಬಂದ ಮೇಲೆ. ಬಿಸಿಲಿಗೆ ಅಂಟಾಗಿ ಚಳಿಗೆ ಸೆಟೆದುಕೊಳ್ಳುತ್ತಿದ್ದ ರಬ್ಬರನ್ನು ಗಂಧಕದೊಡನೆ ಬೇಯಿಸಿ ಪಳಗಿಸುವ ವಿಧಾನವನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದನು. ಮುಂದಿನ ದಶಕದಲ್ಲೇ ಇಂಗ್ಲೆಂಡಿನ ನೌಕಾದಳದ ಪೀಟರ್ ಹಾಲ್ಕೆಟ್ ಎಂಬ ಅಧಿಕಾರಿ, ತೊಟ್ಟರೆ ಮೇಲಂಗಿ, ಊದಿದರೆ ದೋಣಿ ಆಗುವ ವಿಚಿತ್ರ ವಸ್ತುವನ್ನು ತಯಾರಿಸಿದನು. ಗಾಳಿದೋಣಿ ಆಟಿಕೆಯಲ್ಲವೆಂದು ಲೋಕಕ್ಕೆ ಮನಗಾಣಿಸಿದವನು ಮಾತ್ರ ಫ್ರಾನ್ಸಿನ ವೈದ್ಯ ಅಲೈನ್ ಬೊಂಬಾರ್. ಆತ 1952ರಲ್ಲಿ ಸುಮಾರು ನಾಲ್ಕೂವರೆ ಮೀಟರ್ ಉದ್ದದ ಗಾಳಿದೋಣಿಯಲ್ಲಿ ಒಂಟಿಯಾಗಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದು, 65 ದಿನಗಳ ಮೇಲೆ ಬಾರ್ಬಡೋಸ್ ದ್ವೀಪದ ದಡ ಸೇರಿದನು. ದೇಹ ಸೊರಗಿತ್ತು, ದೋಣಿ ಒಡೆದಿರಲಿಲ್ಲ.

ಹಾಗಾದರೆ ಕಾಳಿಯ ದಂಡೆಯ ಯಜಮಾನನು ಏನನ್ನು ಕೊಳ್ಳಬೇಕು? ಬೆಲೆಪಟ್ಟಿಯನ್ನು ಬಿಡಿಸುವ ಮುನ್ನ ಆತ ತನ್ನ ನೀರನ್ನು ನೋಡಬೇಕು. ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ಒಂದೇ ನದಿಯಲ್ಲ. ವಿದ್ಯುದಾಗಾರದಿಂದ ನೀರು ಬಿಟ್ಟಾಗ ಬಂಡೆಗಳ ನಡುವೆ ನೊರೆಗರೆದು ಧುಮುಕುವುದೂ ಅದೇ. ಕೆಳಗೆ ಮರಗಳ ನೆರಳನ್ನು ಹೊತ್ತು ಮಲಗಿದಂತಿರುವುದೂ ಅದೇ. ಎರಡಕ್ಕೂ ಒಂದೇ ದೋಣಿ ಸಾಕೆಂದು ಹೇಳುವ ವ್ಯಾಪಾರಿಯಿಂದ ದೂರವಿರುವುದು ಕ್ಷೇಮ. ನೊರೆನೀರಿಗೆ ಬೇಕಾದುದು ತಾನಾಗಿ ನೀರು ಚೆಲ್ಲಿಕೊಳ್ಳುವ ರ್‍ಯಾಫ್ಟು. ಅದರ ತಳವೂ ಗಾಳಿ ತುಂಬಿದ್ದೇ. ಸುತ್ತಲೂ ರಂಧ್ರಗಳಿದ್ದು, ಅಲೆಯೊಂದು ಒಳಗೆ ನುಗ್ಗಿದರೆ ಮರುಕ್ಷಣದಲ್ಲಿ ಹೊರಗೆ ಹರಿದುಹೋಗುತ್ತದೆ. ಮುಚ್ಚಿದ ತಳದ ದೋಣಿಯಾದರೋ ನೀರನ್ನು ತುಂಬಿಕೊಂಡು ಆನೆಯ ತೂಕವಾಗಿ, ಯಾರ ಹುಟ್ಟಿಗೂ ಮಣಿಯದೆ ಬಂಡೆಯತ್ತ ಸಾಗುತ್ತದೆ. ನಿಂತ ನೀರಿನಲ್ಲಿ ಅದೇ ಮುಚ್ಚಿದ ತಳ ಹಿತ; ಅಜ್ಜಿಯೂ ಮೊಮ್ಮಗುವೂ ಬಟ್ಟೆ ನೆನೆಯದೆ ಕುಳಿತು ಬರಬಹುದು.

ಎರಡನೆಯದಾಗಿ, ಒಳಗಿನ ಕೋಣೆಗಳು. ಬೆಲೆಪಟ್ಟಿಯಲ್ಲಿ ಬಣ್ಣಕ್ಕೆ ಒಂದು ಪುಟ ಮೀಸಲಾದರೆ ಇದಕ್ಕೆ ಒಂದು ಸಾಲು. ಹುಡುಗನ ಪ್ರಶ್ನೆಗೆ ಉತ್ತರವಿರುವುದು ಆ ಒಂದು ಸಾಲಿನಲ್ಲಿ. ಒಳ್ಳೆಯ ರ್‍ಯಾಫ್ಟಿನ ಸುತ್ತುಕೊಳವೆ ಹೊರಗೆ ಅಖಂಡವಾಗಿ ಕಂಡರೂ, ಒಳಗೆ ಪರದೆಗಳಿಂದ ಸಾಮಾನ್ಯವಾಗಿ ನಾಲ್ಕು ಭಾಗವಾಗಿರುತ್ತದೆ. ಅಡ್ಡಕೊಳವೆಗಳೂ ತಳವೂ ಬೇರೆ ಬೇರೆ. ಒಂದು ಕೋಣೆ ಹರಿದು ಸೊರಗಿದರೂ ಉಳಿದವು ಜನರನ್ನು ಹೊತ್ತು ದಡ ಸೇರಿಸುತ್ತವೆ. ಅಗ್ಗದ ದೋಣಿಗಳಲ್ಲಿ ಒಂದೋ ಎರಡೋ ಕೋಣೆಯಿದ್ದು, ಮುಳ್ಳೊಂದು ತಾಗಿದರೆ ಅದರ ಕಥೆ ಮುಗಿದಂತೆಯೇ. ಅಂಥವು ಮನೆಯ ಮಕ್ಕಳ ಈಜುಕೊಳಕ್ಕೆಂದು, ಅದೂ ಹಿರಿಯರು ಪಕ್ಕದಲ್ಲಿರುವಾಗ ಆಡಲೆಂದು ಮಾಡಿದವು. ಪ್ರಾಣರಕ್ಷಣೆಯ ಸಾಧನವಲ್ಲವೆಂಬ ಎಚ್ಚರಿಕೆಯೂ ಸಣ್ಣ ಅಕ್ಷರದಲ್ಲಿ ಅವುಗಳ ಮೇಲೆ ಮುದ್ರಿತವಾಗಿರುತ್ತದೆ. ಅವನ್ನು ಹೊಳೆಗೆ ತಂದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವವರೂ ಇದ್ದಾರೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೇ ಈ ಎರಡನ್ನೂ ಬೇರ್ಪಡಿಸಿದೆ: ಗಾಳಿದೋಣಿಗಳಿಗೆ 6185 ಸಂಖ್ಯೆಯ ಮಾನಕ, ತೇಲುವ ವಿನೋದವಸ್ತುಗಳಿಗೆ 25649. ಕೊಳ್ಳುವವನು ಈ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ವ್ಯಾಪಾರ ತಾನಾಗಿ ಮುಗಿಯುತ್ತದೆ.

ಚರ್ಮದ ವಿಚಾರದಲ್ಲಿ ಪಂಥಗಳೆರಡು. ಒಂದು, ಜನ ಇಂದಿಗೂ ಹೈಪಲಾನ್ ಎಂದೇ ಕರೆಯುವ ಕೃತಕ ರಬ್ಬರಿನ ಬಟ್ಟೆ. ಆ ಹೆಸರಿನ ವಸ್ತುವನ್ನು ತಯಾರಿಸುತ್ತಿದ್ದ ಡ್ಯೂಪಾಂಟ್ ಕಂಪನಿ 2010ರ ಹೊತ್ತಿಗೆ ಅದನ್ನು ನಿಲ್ಲಿಸಿತು. ಅದೇ ಜಾತಿಯ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ. ಇನ್ನೊಂದು ಪಿ.ವಿ.ಸಿ. ಮೊದಲನೆಯದು ದುಬಾರಿ, ಆದರೆ ಬಿಸಿಲನ್ನು ಬಹುಕಾಲ ತಡೆಯುತ್ತದೆ. ಎರಡನೆಯದು ಅಗ್ಗ; ವರ್ಷಗಟ್ಟಲೆ ಬಿಸಿಲುಂಡರೆ ಮೆದುತನವನ್ನು ಕಳೆದುಕೊಂಡು ಬಿರುಸಾಗುತ್ತದೆ. ಹಾಗೆಂದು ಪಿ.ವಿ.ಸಿ.ಯನ್ನು ತಿರಸ್ಕರಿಸಬೇಕಾದ್ದಿಲ್ಲ. ದಪ್ಪನೆಯ ನೆಯ್ಗೆಯಿದ್ದು, ಬೆಸುಗೆ ಗಟ್ಟಿಯಾಗಿದ್ದು, ಕೆಲಸವಿಲ್ಲದ ವೇಳೆಯಲ್ಲಿ ನೆರಳಿನಲ್ಲಿಡುವ ಶಿಸ್ತು ಇದ್ದರೆ ಅದೂ ಬಾಳುತ್ತದೆ. ಆ ಶಿಸ್ತು ತನ್ನ ಆಳುಗಳಲ್ಲಿ ಇದೆಯೇ ಎಂಬುದನ್ನು ಯಜಮಾನನೇ ತನ್ನನ್ನು ಕೇಳಿಕೊಳ್ಳಬೇಕು. ಮಳೆಗಾಲದಲ್ಲಿ ಮಡಿಸಿಟ್ಟ ದೋಣಿಯೊಳಗೆ ಇಲಿ ಸಂಸಾರ ಹೂಡಿದರೆ ಯಾವ ಪಂಥದ ಚರ್ಮವೂ ಉಳಿಯದು.

ಬಿಸಿಲು ಚರ್ಮವನ್ನಷ್ಟೇ ಅಲ್ಲ, ಗಾಳಿಯನ್ನೂ ಕಾಡುತ್ತದೆ. ರ್‍ಯಾಫ್ಟಿನಲ್ಲಿ ತುಂಬುವ ಒತ್ತಡ ಚದರ ಅಂಗುಲಕ್ಕೆ ಸುಮಾರು 2.5 ಪೌಂಡು. ಬೆಳಿಗ್ಗೆ 20 ಡಿಗ್ರಿ ತಂಪಿನಲ್ಲಿ ಅಷ್ಟು ತುಂಬಿ ದಂಡೆಯ ಮರಳಿನ ಮೇಲೆ ಬಿಟ್ಟು ಊಟಕ್ಕೆ ಹೋದರೆ, ಒಳಗಿನ ಗಾಳಿ 45 ಡಿಗ್ರಿಗೆ ಕಾಯುವುದು ಅಸಾಧ್ಯವೇನಲ್ಲ. ಬಟ್ಟೆ ಹಿಗ್ಗದಿದ್ದರೆ ಆಗ ಒತ್ತಡ ಸುಮಾರು 4 ಪೌಂಡಿಗೆ ಏರುತ್ತದೆ. ಏರಿಕೆ ಇಷ್ಟೊಂದೇಕೆಂದರೆ, ಮಾಪಕ ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಹೆಚ್ಚಾದ ಒತ್ತಡವನ್ನು ಮಾತ್ರ. ಶಾಖವಾದರೋ ವಾಯುಮಂಡಲದ 14.7 ಪೌಂಡನ್ನೂ ಸೇರಿಸಿಕೊಂಡು ಒಟ್ಟು ಒತ್ತಡವನ್ನೇ ನೂರಕ್ಕೆ ಎಂಟೂವರೆಯಷ್ಟು ಹಿಗ್ಗಿಸುತ್ತದೆ. ಬೆಸುಗೆ ಬಿಡುವುದು, ಒಳಪರದೆ ಹರಿಯುವುದು ಇಂಥ ಮಧ್ಯಾಹ್ನಗಳಲ್ಲೇ. ಅದೇ ದೋಣಿಯನ್ನು ತಣ್ಣೀರಿಗಿಳಿಸಿದರೆ ಗಾಳಿ ಕುಗ್ಗಿ ಮೈ ಸಡಿಲವಾಗುತ್ತದೆ. ಆದುದರಿಂದ ಬಲ್ಲ ಅಂಬಿಗರು ದಂಡೆಯಲ್ಲಿ ನಿಲ್ಲಿಸುವಾಗ ಸ್ವಲ್ಪ ಗಾಳಿಯನ್ನು ಬಿಟ್ಟು, ನೀರಿಗಿಳಿಸಿದ ಮೇಲೆ ಮತ್ತೆ ತುಂಬುತ್ತಾರೆ. ಒತ್ತಡವನ್ನು ಮಿತಿಮೀರಲು ಬಿಡದ ವಾಲ್ವು ತಳದಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ಕೇಳುವುದು ಜಾಣತನ. ಎಲ್ಲ ದೋಣಿಗಳಿಗೂ ಒಂದೇ ಜಾತಿಯ ವಾಲ್ವು ಇದ್ದರಂತೂ ಒಂದೇ ಪಂಪು, ಒಂದೇ ಕೀಲಿಯಲ್ಲಿ ಸಂಸಾರ ಸಾಗುತ್ತದೆ.

ಹೊಸ ದೋಣಿ ಬಂದಿಳಿದ ದಿನ ಹಾರ ಹಾಕಿ ಚಿತ್ರ ತೆಗೆಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಗಾಳಿ ತುಂಬಿ, ಮಾಪಕದ ಅಂಕಿಯನ್ನು ಬರೆದುಕೊಂಡು, ನೆರಳಿನಲ್ಲಿ ಒಂದಿಡೀ ದಿನ ಬಿಡುವುದು. ಮರುದಿನ ಅದೇ ವೇಳೆಗೆ ಅಂಕಿ ಗಣನೀಯವಾಗಿ ಇಳಿದಿದ್ದರೆ ಬೆಸುಗೆಗಳ ಮೇಲೆ ಸಾಬೂನು ನೀರನ್ನು ಸವರಿ ಗುಳ್ಳೆ ಏಳುವ ಸ್ಥಳವನ್ನು ಹುಡುಕಬೇಕು. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ನೋಡುವ ವಿದ್ಯೆಗೂ ಇದಕ್ಕೂ ಭೇದವಿಲ್ಲ. ಅದಾದ ಮೇಲೆ ಪ್ರತಿ ಕೋಣೆಯನ್ನೂ ಒಂದೊಂದಾಗಿ ಬರಿದುಮಾಡಿ, ಉಳಿದವು ನಿಲ್ಲುತ್ತವೆಯೇ ಎಂದು ಪರೀಕ್ಷಿಸಬೇಕು. ಪರದೆಯೇ ಸೋರುತ್ತಿದ್ದರೆ ನಾಲ್ಕು ಕೋಣೆಯೆಂಬುದು ಕಾಗದದ ಮೇಲಿನ ಮಾತು.

ನಿಂತು ಹುಟ್ಟು ಹಾಕುವ ಹಲಗೆಗಳಿಗೂ ಈಗ ಬೇಡಿಕೆಯಿದೆ. ಅವುಗಳ ಮೇಲು ಕೆಳಗಿನ ಪದರಗಳನ್ನು ಸಾವಿರಾರು ಎಳೆಗಳು ಒಳಗೇ ಹಿಡಿದಿರುವುದರಿಂದ 12ರಿಂದ 15 ಪೌಂಡಿನ ಒತ್ತಡವನ್ನು ತಾಳಿ ಮರದಂತೆ ಗಟ್ಟಿಯಾಗುತ್ತವೆ. ನಿಂತ ನೀರಿನಲ್ಲಿ ಹಲಗೆಯನ್ನು ಕಾಲಿಗೆ ಕಟ್ಟುವ ದಾರ ರಕ್ಷೆ. ಹರಿಯುವ ನೀರಿನಲ್ಲಿ ಅದೇ ದಾರ ಮುಳುಗಿದ ಕೊಂಬೆಗೆ ಸಿಕ್ಕಿ ಪ್ರಾಣಕ್ಕೆ ಮುಳುವಾದೀತು. ಕಡಲತೀರದ ಬಾಳೆಹಣ್ಣಿನಾಕಾರದ ದೋಣಿ ಬೇರೊಂದು ಪ್ರಕರಣ. ಅದಕ್ಕಿಂತ ಅದನ್ನೆಳೆಯುವ ಯಂತ್ರದೋಣಿಯನ್ನೂ, ಹಿಂದಕ್ಕೆ ಮುಖಮಾಡಿ ಬಿದ್ದವರನ್ನು ಗಮನಿಸಲು ಇನ್ನೊಬ್ಬ ಆಳಿದ್ದಾನೆಯೇ ಎಂಬುದನ್ನೂ ನೋಡಬೇಕು. ಕಾಳಿಯಲ್ಲಂತೂ ಅದಕ್ಕೆ ಸ್ಥಳವೇ ಇಲ್ಲ. ನದಿಯಲ್ಲಿ ಮೊಸಳೆಗಳಿವೆ, ಜನರನ್ನು ಬೇಕೆಂದೇ ನೀರಿಗೆ ಕೆಡಹುವ ಆಟಕ್ಕೆ ಅವುಗಳ ಸಮ್ಮತಿಯನ್ನೂ ಪಡೆಯಬೇಕಾಗುತ್ತದೆ!

ಇಷ್ಟೆಲ್ಲ ನೋಡಿ ಕೊಂಡ ಯಜಮಾನನೂ ಎಡವುವ ಸ್ಥಳವೊಂದಿದೆ. ದೋಣಿಗೆ ಹಣ ಸುರಿದ ಕೈ ಲೈಫ್ ಜಾಕೆಟ್ಟಿನ ಬಳಿ ಬಿಗಿಯಾಗುತ್ತದೆ. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ, ಶಾಲೆಯಿಂದ ವಿಹಾರಕ್ಕೆ ಬಂದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ದೋಣಿ ಮಗುಚಿ ಸತ್ತರು. ಅದು ಗಾಳಿದೋಣಿಯಲ್ಲ, ಆದರೆ ದೋಣಿಯಲ್ಲಿ ಮಿತಿಮೀರಿದ ಜನರಿದ್ದರು, ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಜಾಕೆಟ್ಟಿನ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅದರ ತೇಲುಬಲ ನಮೂದಾಗಿರುತ್ತದೆ. 10 ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಎತ್ತುವ ಶಕ್ತಿ. 50ರ ಜಾಕೆಟ್ ಈಜು ಬಲ್ಲವರಿಗೆ. ಬಾಡಿಗೆಗೆ ಬರುವ ಅತಿಥಿಗೆ ಈಜು ಬಾರದೆಂದೇ ಇಟ್ಟುಕೊಂಡು 100ರದನ್ನು ಕೊಳ್ಳುವುದು ವಿವೇಕ. ಅಳತೆಗಳೂ ಹಲವು ಬೇಕು. ದೊಡ್ಡವರ ಜಾಕೆಟ್ಟಿನಲ್ಲಿ ಇಳಿಬಿಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ.

ಗಣೇಶಗುಡಿಯ ದಂಡೆಯಲ್ಲಿ ಹುಡುಗನ ಪ್ರಶ್ನೆಯನ್ನು ಅಂಬಿಗ ಕೇಳಿಸಿಕೊಂಡಿದ್ದ. ಹತ್ತಿರ ಬಂದು, ಹುಡುಗನ ಕೈ ಹಿಡಿದು ದೋಣಿಯ ಸುತ್ತ ನಡೆಸಿ ವಾಲ್ವುಗಳನ್ನು ಎಣಿಸಿಸಿದ.

“ಒಂದು, ಎರಡು, ಮೂರು, ನಾಲ್ಕು. ನಾಲ್ಕು ಕೋಣೆ, ನಾಲ್ಕು ಬಾಗಿಲು. ಒಂದು ಒಡೆದರೆ ಮೂರು ಇರ್ತದೆ, ತಮ್ಮಾ.”

ಹುಡುಗನಿಗೆ ಸಮಾಧಾನವಾಯಿತು. ತಾಯಿ ಅಷ್ಟರಲ್ಲಿ ಅವನಿಗೆ ತೊಡಿಸಿದ್ದ ಜಾಕೆಟ್ಟಿನ ಹೆಗಲಪಟ್ಟಿಯನ್ನು ಹಿಡಿದೆತ್ತಿ ನೋಡಿದಳು. ಅದು ಸಲೀಸಾಗಿ ಅವನ ಕಿವಿಗಳವರೆಗೆ ಬಂತು.

“ಇದಕ್ಕಿಂತ ಚಿಕ್ಕದು ಇಲ್ಲವೇನಪ್ಪ?”

ಅಂಬಿಗ ಗೂಡಿನೊಳಗೆ ಹೋಗಿ ಬಹಳ ಹೊತ್ತು ಹುಡುಕಿ ಬರಿಗೈಯಲ್ಲಿ ಹಿಂದಿರುಗಿದ.

“ಇಲ್ಲ ಅಕ್ಕಾ. ಧಣಿಗಳಿಗೆ ಎರಡು ಸಲ ಹೇಳಿದ್ದೆ.”

ತಂದೆ ಗಡಿಯಾರ ನೋಡಿಕೊಂಡ. ಹಣ ಮೊದಲೇ ಕಟ್ಟಿಯಾಗಿತ್ತು. ತಾಯಿ ಮಾತಾಡದೆ ಮಗನ ಜಾಕೆಟ್ಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕಲ್ಲಿನ ಮೇಲೆ ಜೋಡಿಸಿಟ್ಟಿದ್ದ ಚಪ್ಪಲಿಗಳಲ್ಲಿ ಎರಡು ಜೊತೆಯನ್ನು ಎತ್ತಿಕೊಂಡಳು.