ವೀರಗಲ್ಲು ಮತ್ತು ಮರಳಿ ಬಂದ ಯೋಧ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಾದ ನಮಗೆ ವೀರಗಲ್ಲು ಹೊಸತೇನಲ್ಲ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ರೈಸ್ ಸಾಹೇಬರು ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಈ ಮೂರು ತಾಲ್ಲೂಕುಗಳ ಶಾಸನಗಳಿವೆ. ಹೊಸನಗರವನ್ನು ಅಲ್ಲಿ ನಗರವೆಂದು ಹುಡುಕಬೇಕು.

ನಮ್ಮ ಪೂರ್ವಿಕರು ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದು ನೆತ್ತರುಗೊಡಗೆ. ಗೆದ್ದು ಮರಳಿದವನಿಗೂ ಕನ್ನಡನಾಡಿನಲ್ಲಿ ಬಾಳ್ಗಚ್ಚೆಂಬ, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಿತ್ತು. ೯೪೯ರ ತಕ್ಕೋಲದ ಕಾಳಗ ಮುಗಿಸಿ ಬಂದ ಮಣಲೇರನಿಗೆ ಗಂಗರ ಬೂತುಗನು ಊರುಗಳನ್ನೇ ಹೀಗೆ ಕೊಟ್ಟನೆಂದು ಮಂಡ್ಯ ಸೀಮೆಯ ಆತಕೂರು ಶಾಸನ ಹೇಳುತ್ತದೆ.

ಈ ಎರಡನೆಯ ಪದ್ಧತಿಯನ್ನು ನಾವು ಮರೆತೆವೆಂಬುದು ನನ್ನ ಆಕ್ಷೇಪ. ೧೯೯೯ರಲ್ಲಿ ಕಾರ್ಗಿಲ್ಲಿನಲ್ಲಿ ಮಡಿದವರಿಗೆ ಪ್ರತಿ ಜುಲೈ ೨೬ರಂದು ಹೂವಿಡುತ್ತೇವೆ, ಸರಿಯೆ. ಬದುಕಿ ಬಂದವನೋ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತಿರುತ್ತಾನೆ. ಚಲನ್ ತುಂಬುವ ಗಡಿಬಿಡಿಯಲ್ಲಿ ಅವನ ಮುಖವನ್ನು ಯಾರು ನೋಡಿಯಾರು?

೨೦೨೨ರ ಅಗ್ನಿಪಥ ಯೋಜನೆಯಿಂದ ಈ ಪ್ರಶ್ನೆ ನಮ್ಮ ಬೆಂಚಿಗೇ ಬಂದಿದೆ. ಸೇವೆ ನಾಲ್ಕು ವರ್ಷ. ಖಾಯಂ ಆಗುವವರು ನೂರಕ್ಕೆ ೨೫ರವರೆಗೆ ಎಂಬುದು ಯೋಜನೆ ಹೊರಟಾಗ ಗೊತ್ತುಮಾಡಿದ ಲೆಕ್ಕ. ಉಳಿದವರು ಇಡಿಗಂಟು ಹಿಡಿದು, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಬರತಕ್ಕವರು. ಅಡಿಕೆ ತೋಟವಿರುವ ಮನೆಯ ಹುಡುಗನಿಗೆ ಹೇಗೋ ನಡೆದೀತು. ತೋಟವಿಲ್ಲದವನಿಗೆ? ಅರ್ಧಕ್ಕೆ ಬಿಟ್ಟ ಬಿ.ಎ. ಮುಗಿಸಲು ಅವನು ಬಂದರೆ ವಯಸ್ಸು ನೋಡದೆ ಸೇರಿಸಿಕೊಳ್ಳುವಂತೆ, ಶುಲ್ಕ ಬಿಡುವಂತೆ, ಕಾಲೇಜಿನ ಹಿರಿಯರು ಇಲಾಖೆಗೆ ಬರೆಯಬೇಕು. ಮುಂದಿನ ಪ್ರವೇಶ ಪ್ರಕಟಣೆಯಲ್ಲಿಯೇ ಆ ಒಂದು ಸಾಲು ಇರಲಿ.