ದಂಡವೇ ವ್ಯಾಪಾರದ ಖರ್ಚಾದಾಗ

ಈಚೆಗೆ ನನ್ನ ಮೂರು ವರ್ಷ ಹಳೆಯ ಫೋನಿನ ಬ್ಯಾಟರಿ ಕೈಕೊಟ್ಟಿತು. ಅಧಿಕೃತ ಸೇವಾ ಕೇಂದ್ರದಲ್ಲಿ ದೊರೆತ ಸಲಹೆ: ‘ಹೊಸದನ್ನೇ ತಗೊಳ್ಳಿ ಸರ್’. ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯ ಹುಡುಗ ಅರ್ಧ ಗಂಟೆಯಲ್ಲಿ ಬ್ಯಾಟರಿ ಬದಲಿಸಿಕೊಟ್ಟ. ಆದರೆ ಅದು ಅಸಲಿ ಎಂಬ ಭರವಸೆ ಕೊಡಲಾರದೆ ಹೋದ. ಕಂಪೆನಿ ತನ್ನ ಬಿಡಿಭಾಗಗಳನ್ನು ಅವನಂಥವರಿಗೆ ಮಾರುವುದೇ ಇಲ್ಲ. ಹಣ ತೆತ್ತು ಕೊಂಡ ವಸ್ತುವಿಗೆ ನಾನು ಒಡೆಯನೋ, ಬಾಡಿಗೆದಾರನೋ?

ಈ ಪ್ರಶ್ನೆ ಹೊಸದಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಮತ್ತು ದೋಷಪತ್ತೆ ಉಪಕರಣ ಸಿಗದಂತೆ ಮಾಡಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಅದು ಅವುಗಳ ಸರಾಸರಿ ವಹಿವಾಟಿನ ಶೇ 2ರಷ್ಟು. ಕಾನೂನಿನಲ್ಲಿ ಶೇ 10ರವರೆಗೆ ಅವಕಾಶವಿತ್ತು. ಅಷ್ಟಕ್ಕೇ ಕಂಪೆನಿಗಳು ಮೇಲ್ಮನವಿಯ ಮೆಟ್ಟಿಲೇರಿದವು.

ವಿದೇಶದ ಕಥೆಯೂ ಭಿನ್ನವಲ್ಲ. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ತನ್ನ ತಂತ್ರಾಂಶವೇ ತಗ್ಗಿಸುತ್ತಿದೆ ಎಂದು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಸ್ಥಗಿತಗೊಳ್ಳದಿರಲು ಹೀಗೆ ಮಾಡಿದ್ದಾಗಿ ಅದರ ಸಮಜಾಯಿಷಿ. ಗ್ರಾಹಕರಿಗೆ ಇದನ್ನು ತಿಳಿಸದ ತಪ್ಪಿಗೆ ಫ್ರಾನ್ಸ್ 2020ರಲ್ಲಿ ಹಾಕಿದ ದಂಡ 2.5 ಕೋಟಿ ಯೂರೊ. ಅದೇ ಆರ್ಥಿಕ ವರ್ಷದಲ್ಲಿ ಕಂಪೆನಿಯ ವರಮಾನ ಸುಮಾರು 27,400 ಕೋಟಿ ಡಾಲರ್. ಲೆಕ್ಕ ಹಾಕಿದರೆ ದಂಡದ ಮೊತ್ತ ಒಂದು ಗಂಟೆಯ ವರಮಾನಕ್ಕೂ ಕಡಿಮೆ! ಅಮೆರಿಕದ ಗ್ರಾಹಕರ ದಾವೆಯಲ್ಲಿ ಒಪ್ಪಿಕೊಂಡ ಗರಿಷ್ಠ 50 ಕೋಟಿ ಡಾಲರಿನ ರಾಜಿಯೂ ಒಂದು ದಿನದ ವರಮಾನವನ್ನು ಮುಟ್ಟುವುದಿಲ್ಲ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲೇ ಇದರ ಸೂತ್ರ ಹೇಳಿದ್ದರು: ಸಿಕ್ಕಿಬೀಳುವ ಸಂಭವ ಮತ್ತು ಶಿಕ್ಷೆಯ ಪ್ರಮಾಣ, ಇವೆರಡರ ಗುಣಲಬ್ಧ ಲಾಭಕ್ಕಿಂತ ಕಡಿಮೆಯಾದರೆ ತಪ್ಪು ಮಾಡುವುದೇ ಲಾಭದಾಯಕ. ಅಲ್ಲಿಗೆ ದಂಡವು ಶಿಕ್ಷೆಯಾಗಿ ಉಳಿಯದೆ ಜಮಾಖರ್ಚಿನ ಒಂದು ಬಾಬತ್ತಾಗುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಪೋರ್ಟಲ್ ಮಾಹಿತಿ ಕೊಡಬಲ್ಲದು, ಬಿಡಿಭಾಗ ಕೊಡಿಸಲಾರದು. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಯನ್ನು ತಯಾರಕರ ಕಾನೂನುಬದ್ಧ ಹೊಣೆಯನ್ನಾಗಿಸಿದ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಶಾಸನವಿಲ್ಲ. 2023ರ ತಿದ್ದುಪಡಿಯಿಂದ ಸ್ಪರ್ಧಾ ಕಾಯ್ದೆಯಡಿ ಜಾಗತಿಕ ವಹಿವಾಟನ್ನು ಆಧರಿಸಿ ದಂಡ ಹಾಕಲು ಅವಕಾಶವಾಗಿದೆ ಎಂಬುದಷ್ಟೇ ಸಮಾಧಾನ.

ಸುರಕ್ಷತೆ, ಬೌದ್ಧಿಕ ಹಕ್ಕುಗಳ ನೆಪವನ್ನು ಕಂಪೆನಿಗಳು ಒಡ್ಡುವುದುಂಟು. ಅವು ಪೂರ್ತಿ ಸುಳ್ಳಲ್ಲ. ಆದರೆ ಅಸಲಿ ಬಿಡಿಭಾಗ ಮತ್ತು ಕೈಪಿಡಿ ಮುಕ್ತವಾಗಿ ಸಿಕ್ಕರೆ ದುರಸ್ತಿ ಇನ್ನಷ್ಟು ಸುರಕ್ಷಿತವಾಗುತ್ತದೆಯೇ ಹೊರತು ಕಡಿಮೆಯಲ್ಲ. ಆಡಳಿತದಲ್ಲಿದ್ದಾಗ ನಾನು ಕಂಡ ಸತ್ಯವಿಷ್ಟೆ: ತಪ್ಪಿಗಿಂತ ದಂಡ ಅಗ್ಗವಾದರೆ, ಜನ ದಂಡವನ್ನೇ ಆರಿಸಿಕೊಳ್ಳುತ್ತಾರೆ. ಕಂಪೆನಿಗಳು ಇದಕ್ಕೆ ಹೊರತಾಗಿರಬೇಕೆಂದು ನಿರೀಕ್ಷಿಸುವುದಾದರೂ ಹೇಗೆ?