ಪೆಟ್ಟಿಗೆಯಲ್ಲಿ ಬರುವ ಗೋಸುಂಬೆ

2023ರ ಜನವರಿ 22ರಂದು ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರ ಸಾಮಾನಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳಿಗೆ 18 ಜೀವಂತ ಪ್ರಾಣಿಗಳು ಸಿಕ್ಕವು. ಅದೇ ಜಾಡು ಹಿಡಿದು ಹೋದಾಗ ಅದು ಒಂದು ತೋಟದ ಮನೆಯ ಬಾಗಿಲಿಗೆ ಮುಟ್ಟಿಸಿತು. ಅಲ್ಲಿ ಪತ್ತೆಯಾದದ್ದು 48 ಜಾತಿಯ 139 ಪ್ರಾಣಿಗಳು: ಅನಕೊಂಡ, ಇಗುವಾನ, ಬಾಲ್ ಪೈಥಾನ್, ಜೊತೆಗೆ ತಲೆಯ ಮೇಲೆ ಎತ್ತರದ ಜುಟ್ಟಿರುವ ಯೆಮೆನ್ ಸೀಮೆಯ ಗೋಸುಂಬೆ. ಎಲ್ಲವನ್ನೂ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಒಪ್ಪಿಸಲಾಯಿತು. ಏಳು ತಿಂಗಳ ನಂತರ, ಆಗಸ್ಟ್ 21ರ ರಾತ್ರಿ, ಅದೇ ನಿಲ್ದಾಣದಲ್ಲಿ ಒಂದು ಟ್ರಾಲಿ ಬ್ಯಾಗಿನಿಂದ 234 ಪ್ರಾಣಿಗಳನ್ನು ಹೊರತೆಗೆದರು. ಅದರಲ್ಲೂ ಗೋಸುಂಬೆಗಳಿದ್ದವು. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿದ್ದ ಕಾಂಗರೂ ಮರಿಯೊಂದು ಉಸಿರುಕಟ್ಟಿ ಸತ್ತಿತ್ತು.

ತೋಟದ ಮನೆ ಎಂದ ಕೂಡಲೇ ಬಿಡದಿಯವರು ಕಿವಿ ನಿಮಿರಿಸಬೇಕು. ಮೈಸೂರು ರಸ್ತೆಯ ಎರಡೂ ಬದಿ ರಾಗಿ ಹೊಲ, ಮಾವಿನ ತೋಪು ಇದ್ದ ಕಡೆ ಈಗ ವಿಲ್ಲಾ, ಅಪಾರ್ಟ್‌ಮೆಂಟ್, ಬೆಂಗಳೂರಿನವರು ವಾರಾಂತ್ಯಕ್ಕೆ ಬಂದುಹೋಗುವ ತೋಟದ ಮನೆ. ಎತ್ತರದ ಕಾಂಪೌಂಡಿನ ಒಳಗೆ ಏನಿದೆ ಎಂಬುದು ಪಕ್ಕದ ಹೊಲದವನಿಗೆ ತಿಳಿಯದು, ಗ್ರಾಮ ಪಂಚಾಯ್ತಿಗೂ ತಿಳಿಯದು. ರಾಮನಗರ ಎಂದಿದ್ದ ನಮ್ಮ ಜಿಲ್ಲೆಯ ಹೆಸರಿಗೇ ಈಗ ಬೆಂಗಳೂರು ಅಂಟಿಕೊಂಡಿರುವಾಗ ಬೆಂಗಳೂರಿನ ಶೋಕಿಗಳು ಟೋಲ್ ಗೇಟಿನ ಆಚೆಗೇ ನಿಲ್ಲುತ್ತವೆ ಎಂದುಕೊಳ್ಳುವುದು ದಡ್ಡತನ.

ಕಳ್ಳಸಾಗಣೆ ಹಿಡಿಯಲು ಅಧಿಕಾರಿಗಳಿದ್ದಾರೆ. ಅವರ ಕಣ್ಣು ತಪ್ಪಿಸಿ ಮನೆ ಸೇರಿದ ಪ್ರಾಣಿಯನ್ನು ಬದುಕಿಸಲು ಈ ಸೀಮೆಯಲ್ಲಿ ಯಾರಿದ್ದಾರೆ? ಹಸು, ಎಮ್ಮೆ, ಕುರಿಗೆ ನಮ್ಮ ಪಶುವೈದ್ಯರ ಕೈ ಪಳಗಿದೆ. ನಾಯಿಗೂ ಔಷಧ ಸಿಗುತ್ತದೆ. ಸರೀಸೃಪದ ಕಾಯಿಲೆ ಬೇರೆಯೇ ಓದು.

ಸಾಕಿದ ಗೋಸುಂಬೆ ಸಾಯುವುದು ಹೆಚ್ಚಾಗಿ ಹೀಗೆ. ಮಗ ಹಟ ಹಿಡಿಯುತ್ತಾನೆ, ಅಪ್ಪ ತರುತ್ತಾನೆ. ಮನೆಯಲ್ಲಿ ಖಾಲಿ ಬಿದ್ದ ಮೀನಿನ ಗಾಜಿನ ತೊಟ್ಟಿಗೆ ಬಿಟ್ಟು, ಒಂದು ಬಟ್ಟಲು ನೀರಿಟ್ಟು, ಮೇಲೊಂದು ಬಲ್ಬು ಹಾಕುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಗೋಸುಂಬೆಗೆ ಬಟ್ಟಲಲ್ಲಿ ನಿಂತ ನೀರು ಸಾಮಾನ್ಯವಾಗಿ ನೀರೆಂದೇ ತೋರದು. ಎಲೆಯ ಮೇಲೆ ಹೊಳೆಯುವ, ಜಾರುವ ಹನಿಯನ್ನು ನೆಕ್ಕಿ ಕುಡಿಯುವ ಜೀವ ಅದು. ತುಂಬಿದ ಬಟ್ಟಲಿನ ಪಕ್ಕದಲ್ಲೇ ಒಣಗುತ್ತದೆ, ಗೋಪುರದಂತಿದ್ದ ಕಣ್ಣು ಗುಳಿ ಬೀಳುತ್ತದೆ. ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುತ್ತದೆ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಕೊಡುವುದಿಲ್ಲ. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ಆಗದು, ಡಿ3 ಇಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹತ್ತದು. ಆಗ ದೇಹ ತನ್ನ ಎಲುಬಿನಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ಕಾಲು ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಹುಳುವಿಗೆ ಎಸೆದ ನಾಲಿಗೆ ಗುರಿ ತಪ್ಪುತ್ತದೆ. ಮಕ್ಕಳು ಅದನ್ನು ಕಂಡು ನಗುತ್ತಾರೆ. ಆ ಹೊತ್ತಿಗೆ ಕಾಯಿಲೆ ಎಷ್ಟೋ ದಿನದಿಂದ ಒಳಗೇ ಬೆಳೆದಿರುತ್ತದೆ. ಕಾಡಿನಲ್ಲಿ ಸೊರಗಿದಂತೆ ಕಂಡ ಪ್ರಾಣಿ ಹದ್ದಿನ ಬಾಯಿಗೆ ಬೀಳುತ್ತದೆ. ಅದಕ್ಕೇ ಸರೀಸೃಪಗಳು ನೋವನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಹಗಲಿನಲ್ಲಿ ಕಣ್ಣು ಮುಚ್ಚಿ ಕೂತ ಗೋಸುಂಬೆ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಹುಷಾರಿಲ್ಲ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಒಂದೋ ಶಾಖ ಮಿತಿಮೀರಿದೆ, ಇಲ್ಲವೇ ಶ್ವಾಸಕೋಶಕ್ಕೆ ಸೋಂಕು ತಗುಲಿದೆ.

ಬಿಸಿಲಿಗೆ ಬರವಿಲ್ಲದ ಊರು ನಮ್ಮದು, ಕಿಟಕಿಯ ಹತ್ತಿರ ಇಟ್ಟರಾಯಿತು ಎನ್ನುವವರಿದ್ದಾರೆ. ಮುಚ್ಚಿದ ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ. ಗಾಜಿನ ತೊಟ್ಟಿಯನ್ನೇ ಏಪ್ರಿಲ್ ಬಿಸಿಲಿಗೆ ಇಟ್ಟರಂತೂ ಸ್ವಲ್ಪ ಹೊತ್ತಿನಲ್ಲೇ ಪ್ರಾಣಿ ಬೆಂದುಹೋಗುತ್ತದೆ. ಬೇಕಾದದ್ದು ಗಾಳಿಯಾಡುವ ಎತ್ತರದ ಜಾಲರಿ ಪಂಜರ, ಒಳಗೆ ಕೊಂಬೆ, ದಾಸವಾಳದಂಥ ಹಸಿರು ಗಿಡ. ಮೇಲ್ಗಡೆ ಯುವಿ-ಬಿ ಟ್ಯೂಬು, ಮೈ ಕಾಯಿಸಿಕೊಳ್ಳಲು 30 ಡಿಗ್ರಿಯ ಆಸುಪಾಸಿನ ಜಾಗ, ಕೆಳಗೆ ತಂಪು, ರಾತ್ರಿ ಪೂರ್ತಿ ಕತ್ತಲೆ. ಬೆಳಿಗ್ಗೆ ಸಂಜೆ ಎಲೆ ತೊಟ್ಟಿಕ್ಕುವಂತೆ ನೀರು ಸಿಂಪಡಿಸಬೇಕು, ನಡುವೆ ಒಣಗಲು ಬಿಡಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಯುವಿ-ಬಿ ಟ್ಯೂಬು ಉರಿಯುತ್ತಲೇ ಇದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಕಿರಣದ ಕಸುವು ಕುಗ್ಗುತ್ತದೆ, ಬದಲಿಸಲೇಬೇಕು. ಒಂದು ಪಂಜರಕ್ಕೆ ಒಂದೇ ಗೋಸುಂಬೆ. ಹೆಣ್ಣಾದರೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟಬಹುದು. ತೋಡಿ ಇಡಲು ಹಸಿ ಮಣ್ಣು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಆ ಹೆಣ್ಣು ಸಾಯಬಹುದು.

ಬಣ್ಣ ಬದಲಿಸುವುದನ್ನು ನೆಂಟರಿಗೆ ತೋರಿಸಲೆಂದು ಅದನ್ನು ಕೈಯಿಂದ ಕೈಗೆ ದಾಟಿಸುವ ಚಾಳಿ ಎಲ್ಲಕ್ಕಿಂತ ಕೆಟ್ಟದ್ದು. ಚರ್ಮದೊಳಗಿನ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಈ ಬಣ್ಣ ಹುಟ್ಟುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಆ ಬಣ್ಣ ಬಹುಮಟ್ಟಿಗೆ ಸಿಟ್ಟು, ಹೆದರಿಕೆ, ಚಳಿ, ಬೆದೆಗಳ ಸುದ್ದಿ. ಕೈಯಲ್ಲಿ ಕಪ್ಪಿಡುವ ಗೋಸುಂಬೆ ಹೆದರಿ ಸಾಯುತ್ತಿರುವಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಬಣ್ಣ ಬದಲಿಸುವುದನ್ನು ನೋಡುವ ಆಸೆಯೇ ಇದ್ದರೆ ಚುನಾವಣೆ ಬರುವವರೆಗೆ ಕಾಯಬಹುದು, ಪ್ರಾಣಿಹಿಂಸೆ ಆಗುವುದಿಲ್ಲ.

ಇಷ್ಟು ಜೋಪಾನ ನಮ್ಮವರಿಗೆ ಹೊಸತೇನಲ್ಲ ಎಂಬುದೇ ಈ ವಿಚಾರದ ಸೋಜಿಗ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ಹೋಗುವ ಯಾವ ರೈತನನ್ನಾದರೂ ಕೇಳಿ. ಎಳೆಯ ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, ಶೇ 85ರ ಸುತ್ತ ತೇವ. ಹುಳು ಬೆಳೆದಂತೆ ಶಾಖವೂ ಇಳಿಯಬೇಕು, ತೇವವೂ ಇಳಿಯಬೇಕು. ಹುಳು ಮನೆಯ ಗೋಡೆಗೆ ಉಷ್ಣಮಾಪಕ ಕಟ್ಟಿ, ಗೋಣಿತಾಟು ನೆನೆಸಿ, ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿದೆಯೋ ಎದ್ದಿದೆಯೋ ಎಂದು ನಡುರಾತ್ರಿ ಎದ್ದು ನೋಡುವ ಹೆಂಗಸರ ಊರು ಇದು. ಮೈ ಶಾಖವನ್ನು ಹೊರಗಿನಿಂದ ಪಡೆಯುವ ಜೀವಕ್ಕೆ ಕೋಣೆಯ ಹವೆಯೇ ಅರ್ಧ ಆಹಾರ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಡವರ ಮನೆಯ ಹುಳುವಿಗೆ ಸಿಗುವ ಈ ಶಿಸ್ತು ಸಿರಿವಂತರ ಮನೆಯ ಗೋಸುಂಬೆಗೆ ಸಿಗುವುದಿಲ್ಲ. ಅಂದ ಹಾಗೆ, ಮೆತ್ತಗಿನ ರೇಷ್ಮೆ ಹುಳು ಗೋಸುಂಬೆಗೆ ಒಳ್ಳೆಯ ಆಹಾರವೇ. ಆದರೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿದ ತಟ್ಟೆಯ ಹುಳುವನ್ನು ತಂದು ಹಾಕಬಾರದು.

ಇನ್ನು ಕಾನೂನು. ನಮ್ಮ ಬೇಲಿ, ಕುರುಚಲು ಗಿಡಗಳಲ್ಲಿ ಬದುಕುವ, ರಸ್ತೆ ದಾಟುವಾಗ ಮುಂದೊಂದು ಹಿಂದೊಂದು ಹೆಜ್ಜೆ ತೂಗುವ ನಾಡ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಜೈಲಿಗೆ ಕಳಿಸುವ ಅಪರಾಧ. ಮಕ್ಕಳು ಕಡ್ಡಿಯಲ್ಲಿ ಎತ್ತಿ ತಂದರೆ ಅದೇ ಬೇಲಿಗೆ ಬಿಟ್ಟುಬರಬೇಕು. ಸಾಕುವವರು ಹೆಚ್ಚು ಆಸೆಪಡುವ ಯೆಮೆನ್ ಮತ್ತು ಮಡಗಾಸ್ಕರ್‌ನ ಗೋಸುಂಬೆಗಳು ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಪ್ರಾಣಿ ಇಟ್ಟುಕೊಂಡವರು ನೋಂದಾಯಿಸಬೇಕು; ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ವರದಿ ಮಾಡಬೇಕು. 2024ರ ಫೆಬ್ರುವರಿ 28ರಂದು ನಿಯಮ ಹೊರಡಿಸಿ, ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಗೆ ಕೇಂದ್ರ ಆರು ತಿಂಗಳು ಕೊಟ್ಟಿತ್ತು.

ಸಾವಿಗೂ ಕಾನೂನಿಗೂ ಇಲ್ಲಿ ಗಂಟು ಬಿದ್ದಿದೆ. ಕಾಗದವಿಲ್ಲದೆ ತಂದವನು ಪ್ರಾಣಿ ಸೊರಗಿದಾಗ ವೈದ್ಯರ ಬಳಿ ಹೋಗಲು ಹೆದರುತ್ತಾನೆ. ಮಾರಿದವನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಸತ್ತದ್ದನ್ನು ರಾತ್ರಿ ತೋಟದ ಮೂಲೆಯಲ್ಲಿ ಹೂತುಬಿಡುತ್ತಾರೆ, ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕವಿಲ್ಲದ್ದರಿಂದ ಸಮಸ್ಯೆಯೇ ಇಲ್ಲ ಎಂದು ಇಲಾಖೆ ಹೇಳುತ್ತದೆ.

ಸಾಕಲಾರದೆ ಪಾಪ ಎಂದು ತೋಟಕ್ಕೆ ಬಿಟ್ಟುಬಿಡುವವರದು ಇನ್ನೊಂದು ಬಗೆಯ ಅನಾಹುತ. 1972ರಲ್ಲಿ ಹವಾಯಿಯ ಪ್ರಾಣಿ ವ್ಯಾಪಾರಿಯೊಬ್ಬ ಆಫ್ರಿಕಾದಿಂದ ತರಿಸಿದ ಜಾಕ್ಸನ್ ಗೋಸುಂಬೆಗಳು ಬಳಲಿದ್ದವೆಂದು ಸುಧಾರಿಸಿಕೊಳ್ಳಲು ತನ್ನ ಹಿತ್ತಲಿಗೆ ಬಿಟ್ಟ. ಅವು ಸುಧಾರಿಸಿಕೊಂಡವು, ಸಂಸಾರ ಹೂಡಿದವು, ದ್ವೀಪದ ಹುಳು ಹುಪ್ಪಟೆ, ಬಸವನಹುಳುಗಳಿಗೆ ಇವತ್ತಿಗೂ ಕಂಟಕವಾಗಿವೆ. ನಮ್ಮ ಬಿಸಿಲು, ನಮ್ಮ ಕುರುಚಲು ಹೊರಗಿನ ಗೋಸುಂಬೆಗೆ ಒಗ್ಗದೆಂದು ಯಾರೂ ಖಾತರಿ ಕೊಡಲಾರರು. ಬನ್ನೇರುಘಟ್ಟದ ಕಾಡು ನಮ್ಮ ಜಿಲ್ಲೆಯೊಳಕ್ಕೂ ಚಾಚಿದೆ.

ಆದ್ದರಿಂದ ಈಗಲೇ ಆಗಬೇಕಾದದ್ದಿದೆ. ಬಿಡದಿ, ರಾಮನಗರದ ಸರ್ಕಾರಿ ಪಶುವೈದ್ಯರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಥವಾ ಬನ್ನೇರುಘಟ್ಟ ಉದ್ಯಾನದ ವೈದ್ಯರ ಬಳಿ ಸರೀಸೃಪ ಚಿಕಿತ್ಸೆಯ ತರಬೇತಿ ಕೊಡಿಸಲಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ನೋಂದಣಿಯಿಲ್ಲದೆ ಅಂಗಡಿ ನಡೆಸುವಂತಿಲ್ಲ. ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ಎಂದು ಸ್ಥಳೀಯ ಆಡಳಿತ ಹೋಗಿ ನೋಡಲಿ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಲಿಫ್ಟ್ ಹತ್ತಬೇಕೇ ಬೇಡವೇ ಎಂದು ಜಗಳವಾಡುವ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೂ ಮೀಸಲಿಡಲಿ. ಹೆದರಿ ಮುಚ್ಚಿಡುವವರು ಪ್ರಾಣಿಯನ್ನು ತಂದೊಪ್ಪಿಸುವಂತೆ ಅರಣ್ಯ ಇಲಾಖೆ ದಾರಿ ಸುಲಭ ಮಾಡಲಿ.

ಈಗಾಗಲೇ ಸಾಕುತ್ತಿರುವವರು ಇಂದೇ ಟ್ಯೂಬಿನ ತಾರೀಖು ನೋಡಿ, ಪ್ರಾಣಿಯ ಕಣ್ಣು ನೋಡಿ, ಸರೀಸೃಪ ಬಲ್ಲ ವೈದ್ಯರಿಗೆ ತೋರಿಸಿ. ಕಾಗದ ಸರಿಯಿಲ್ಲದಿದ್ದರೆ ತೋಟಕ್ಕೆ ಬಿಡಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇನ್ನೂ ಕೊಳ್ಳದವರಿಗೆ ನಮ್ಮ ಮಾತು ಒಂದೇ: ಕೊಳ್ಳಬೇಡಿ.